ಹಸಿ ಬಣ್ಣದ ಕೋಣೆ

“ಕಿಟಕಿ ತೆರದೀಯಂದ್ರ ನೋಡು ರಂಡಿ. ಧೂಳ ಕುಂತ್ರ ನಿಮ್ಮಪ್ಪ ಬಂದು ಮತ್ತ ಬಣ್ಣ ಹಚ್ತಾನೇನು?”

ಪಂಢರಿನಾಥರಾಯರು ಹೊರಗಿನಿಂದಲೇ ಗದರಿದರು. ದೇವರ ಹಿಪ್ಪರಗಿಯ ಅವರ ಹೊಸ ಮನೆಯ ಒಳಕೋಣೆಯಲ್ಲಿ ಸಿದ್ದವ್ವ ಎಣ್ಣೆಬಣ್ಣದ ಕಡೆಯ ಕೈ ಹಚ್ಚುತ್ತಿದ್ದಳು. ದಿನ ತುಂಬುತ್ತಿರುವ ಬಸುರಿ. ಬಣ್ಣದ ಘಾಟು ಗಂಟಲಿಗಿಳಿದು ತಲೆ ಗಿರ್ರನೆ ತಿರುಗುತ್ತಿತ್ತು.

ಮನೆ ಕಟ್ಟುವಾಗ ಸಿದ್ದವ್ವನ ಕೇರಿಯವರು ಎಲ್ಲಿ ಬೇಕಾದರೂ ಓಡಾಡಬಹುದು. ಇಟ್ಟಂಗಿ ಹೊರಬಹುದು, ದೇವರ ಗೂಡಿಗೂ ಬಣ್ಣ ಬಳಿಯಬಹುದು. ವಾಸ್ತುಶಾಂತಿ ಶುರುವಾಯಿತೋ, ಅವರು ಹೊಸ್ತಿಲಾಚೆ. ಎಂಥ ಚೆಂದದ ಶಾಸ್ತ್ರ ನೋಡಿ. ಪೂಜೆಗೆ ಮುಂಚೆ ಬಣ್ಣ ಮುಗಿಸಿ ಹೊರಡು ಎಂದಿದ್ದರು ರಾಯರು. ಆದರೆ ಆಚಾರ್ಯರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಪಡಸಾಲೆಯಲ್ಲಿ ಕಲಶ ಇಟ್ಟುಬಿಟ್ಟರು. ಹೊರಗೆ ಹೋಗಬೇಕೆಂದರೆ ಆ ಪಡಸಾಲೆಯನ್ನೇ ದಾಟಬೇಕು.

ಸಿದ್ದವ್ವ ಕದ ಓರೆ ಮಾಡಿದಳು. “ರಾಯರ, ಉಸುರು ಕಟ್ಟಾಕತ್ತೈತ್ರಿ. ಒಂದೀಟು ಹೊರಗ ಹೋಗ್ತೇನ್ರಿ.”

“ಎಲ್ರೂ ಮಡಿಯೊಳಗದೀವಿ. ಪೂಜಿ ಮುಗಿಯೂತನಾ ಅಲ್ಲೇ ಬಿದ್ದಿರು.” ರಾಯರು ಕದ ಎಳೆದು ಮುಚ್ಚಿದರು.

ಅವಳು ಕಿಟಕಿಯನ್ನೇ ತಳ್ಳಿದಳು. ಹೊರಗೋಡೆಗೆ ಸುಣ್ಣ ಬಳಿಯುತ್ತಿದ್ದ ಗಂಡ ರೇವಣಪ್ಪ ಓಡಿಬಂದು ಅದನ್ನು ಆಚೆಯಿಂದ ಒತ್ತಿ ಹಿಡಿದ. “ತಡಕೊಳಾ ಮಾರಾಯ್ತಿ. ಇವ ಸಿಟ್ಟಾದ್ರ ಸಿಂದಗಿತನಾ ಯಾರೂ ಕೆಲಸಾ ಕೊಡಂಗಿಲ್ಲ.”

ಕಟ್ಟಿಕೊಂಡವನೇ ಕಿಟಕಿ ಮುಚ್ಚಿದ ಮೇಲೆ ಯಾರಿಗೆ ಹೇಳುವುದು?

ಕದದ ಸಂದಿಯಿಂದ ಹೋಮದ ಹೊಗೆ ಒಳಗೆ ನುಗ್ಗಿತು. ಬೆಳಿಗ್ಗೆಯಿಂದ ಒದೆಯುತ್ತಿದ್ದ ಕೂಸು ಸುಮ್ಮನಾಗಿದೆ ಎಂದು ಅವಳಿಗೆ ಆಗ ಹೊಳೆಯಿತು. ಬ್ರಶ್ಶು ಬಿಸಾಕಿ, ಕದ ತೆರೆದು ನಡೆದೇಬಿಟ್ಟಳು. ಪಡಸಾಲೆಯ ನಡುವೆ ಕಾಲು ಸೋತು, ಹೋಮದ ಪಕ್ಕದಲ್ಲೇ ಕುಸಿದು ಕುಳಿತಳು.

ಮಂತ್ರ ನಿಂತಿತು. “ಹೊರಗ ಎಳೀರಿ ಈ ಸೂಳಿನ್ನ,” ಎಂದರು ರಾಯರು. ಯಾರೂ ಅಲುಗಲಿಲ್ಲ. ಎಳೆಯಬೇಕೆಂದರೆ ಮುಟ್ಟಬೇಕಲ್ಲ. ಆಚಾರ್ಯರು ಪಂಚೆ ಮುದುರಿಕೊಂಡು ಗೋಡೆಗೆ ಸರಿದರು.

ರಾಯರು ಬಾಗಿಲಿಗೆ ಓಡಿದರು. “ರೇವಣ್ಯಾ, ಒಳಗ ಬಂದು ನಿನ್ನ ಹೇಣ್ತಿನ್ನ ಎಳಕೊಂಡು ಹೋಗಲೇ.”

ರೇವಣಪ್ಪ ಹೊಸ್ತಿಲ ತನಕ ಬಂದ. ನೆಲದ ಮೇಲೆ ಬಾಯಿ ತೆರೆದು ಉಸಿರೆಳೆಯುತ್ತಿದ್ದ ಹೆಂಡತಿಯನ್ನು ನೋಡಿದ.

“ನಾವು ಒಳಗ ಬರೂ ಹಂಗಿಲ್ಲಲ್ರೀ ರಾಯರ,” ಎಂದವನು ಅಲ್ಲೇ ಕೈಕಟ್ಟಿ ನಿಂತ.

ಸಿದ್ದವ್ವ ಯಾರ ಕಡೆಗೂ ನೋಡಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟು, ಕೂಸು ಒಂದು ಸಲ ಮಿಸುಕಲೆಂದು ಕಾಯುತ್ತಿದ್ದಳು.