ದಂಡದ ಗೂಡಿನ ಬಾಗಿಲು

ರೇನೊ ಕಲ್ಲಿಯೊ ಮೂವತ್ತೊಂಬತ್ತು ವರ್ಷ ಮಾಡಿದ ಕೆಲಸ ಇಷ್ಟೇ: ಬಾಗಿಲು ತೆಗೆಯುವುದು, ಬಾಗಿಲು ಹಾಕುವುದು. ವಾರವೆಲ್ಲ ಹೊಟ್ಟೆಪಾಡಿಗೆ ನಿಕಲ್ ಗಣಿ, ಶನಿವಾರ ಬಾಗಿಲಿಗಾಗಿ ಸ್ಪ್ರೂಸ್ ಬೆಂಡ್‌ನ ಐಸ್ ಹಾಕಿ ಅಂಗಳ. ತಪ್ಪಾಡಿದ ಆಟಗಾರನನ್ನು ರೆಫ್ರಿ ಎರಡು ನಿಮಿಷ ಹೊರಗೆ ಅಟ್ಟಿದರೆ ಅವನು ಬಂದು ಕೂರುವ ಗಾಜಿನ ಗೂಡಿಗೆ ಊರಿನವರು ದಂಡದ ಗೂಡು ಎನ್ನುತ್ತಿದ್ದರು. ಮೇಲೆ ತೂಗುವ ಗಡಿಯಾರ ಎರಡು ನಿಮಿಷದಿಂದ ಇಳಿದು ಸೊನ್ನೆಗೆ ಬಂದಾಗ ರೇನೊ ಚಿಲಕ ಎಳೆಯಬೇಕು. ಇದರಲ್ಲಿ ತಪ್ಪು ಮಾಡುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಅವನು ಮಾಡಿದ್ದೂ ಒಂದೇ ಸಲ.

ಮೂವತ್ತಾರು ವರ್ಷದ ಹಿಂದೆ, ಲೀಗಿನ ಕೊನೆಯ ಪಂದ್ಯ. ಎದುರಿಗೆ ಗ್ರೇವಲ್ ಪಾಯಿಂಟ್ ತಂಡ. ಎರಡು ಎರಡು ಸಮ. ನಮ್ಮ ಗಾಸ್ತೋ ತಿಬೊ ಯಾರನ್ನೋ ಕಾಲು ಕೊಟ್ಟು ಬೀಳಿಸಿ ಗೂಡಿನಲ್ಲಿ ಕೂತಿದ್ದ. ಎದುರಾಳಿಗಳೆಲ್ಲ ನಮ್ಮ ಗೋಲಿನ ಮುಂದೆ ಮುತ್ತಿದ್ದಾಗ ನಮ್ಮವನೊಬ್ಬ ಪಕ್ಕನ್ನು, ಅಂದರೆ ಆಟದ ರಬ್ಬರ್ ಬಿಲ್ಲೆಯನ್ನು, ಬೀಸಿ ಹೊಡೆದ. ಅದು ಗೋಡೆಗುಂಟ ಜಾರಿಕೊಂಡು ನೇರ ಗೂಡಿನ ಕಡೆಗೆ ಬಂತು. ರೇನೊ ಅದನ್ನು ನೋಡಿದ. ಅವನ ಕೈ ಅವನನ್ನು ಕೇಳದೆಯೇ ಚಿಲಕ ಎಳೆಯಿತು. ಗಡಿಯಾರದಲ್ಲಿ ಇನ್ನೂ ಎರಡು ಸೆಕೆಂಡು ಇತ್ತು.

ಗಾಸ್ತೋ ನೆಗೆದ, ಪಕ್ ಹಿಡಿದ, ಖಾಲಿ ಅಂಗಳದಲ್ಲಿ ಒಬ್ಬನೇ ಓಡಿ ಎದುರಾಳಿಗಳ ಗೋಲ್‌ಕೀಪರ್ ವಿಲ್ಫ್ ಡನ್‌ಫಿಯನ್ನು ದಾಟಿಸಿ ಗೋಲು ಹೊಡೆದ. ಐವತ್ತು ವರ್ಷದಲ್ಲಿ ನಮ್ಮ ಬೀವರ್ಸ್ ತಂಡ ಗೆದ್ದ ಕಪ್ ಅದೊಂದೇ. ಇಡೀ ಊರಿನ ಕಣ್ಣು ಪಕ್ಕಿನ ಮೇಲಿತ್ತು, ಗಡಿಯಾರವನ್ನು ಯಾರು ನೋಡುತ್ತಾರೆ?

ಆಮೇಲೆ ಗಾಸ್ತೋನ ಹೆಸರಿನಲ್ಲಿ ಒಂದು ಬೀದಿ ಆಯಿತು, ಒಂದು ಡೋನಟ್ ಆಯಿತು, ಒಂದು ಕಂಚಿನ ಪ್ರತಿಮೆಯೂ ಆಯಿತು. ಪ್ರತಿಮೆಯ ಮೂಗು ಮಾತ್ರ ಪಾದ್ರಿಯದ್ದು, ಶಿಲ್ಪಿಗೆ ಕೊಟ್ಟ ಫೋಟೋ ತಪ್ಪಾಗಿತ್ತು. ಗಾಸ್ತೋ ರೇನೊನ ಪಕ್ಕದ ಮನೆಯವನು. ಇಬ್ಬರೂ ವಾರಕ್ಕೊಮ್ಮೆ ರೇನೊನ ಹಿತ್ತಲಿನ ಸೌನಾದಲ್ಲಿ, ಹಬೆಮನೆಯಲ್ಲಿ, ಬೆವರು ಸುರಿಸುತ್ತಾ ಕೂರುತ್ತಿದ್ದರು. ಪ್ರತಿ ಸಲವೂ ಹೇಳಿಬಿಡೋಣ ಎಂದು ರೇನೊ ಬಾಯಿ ತೆರೆಯುತ್ತಿದ್ದ, ತೆರೆದ ಬಾಯಿ ಮುಚ್ಚಿ ಕಾದ ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಹೊಯ್ಯುತ್ತಿದ್ದ. ಹೀಗಾಗಿ ಅಷ್ಟು ಬಿಸಿಯ ಸೌನಾ ಆ ಸೀಮೆಯಲ್ಲೇ ಬೇರೆ ಇರಲಿಲ್ಲ.

ಈ ಚಳಿಗಾಲ ತಂಡಕ್ಕೆ ಐವತ್ತು ತುಂಬಿತು. ಮರೆಯಲಾಗದ ಕ್ಷಣಗಳನ್ನು ಮತ್ತೆ ಆಡಿ ತೋರಿಸಬೇಕೆಂದು ಒಂದು ಸಮಿತಿ ಕೂತಿತು. ಹುಡುಕಿ ಹುಡುಕಿ ಸಿಕ್ಕಿದ್ದು ನಾಲ್ಕೇ, ಉಳಿದವೆಲ್ಲ ಊರು ಕಷ್ಟಪಟ್ಟು ಮರೆತವು. ಒಂದು, ಆಟದ ನಡುವೆ ಒಂದು ಮೂಸ್, ಕುದುರೆಯಷ್ಟು ಎತ್ತರದ ಕಾಡುಜಿಂಕೆ, ಒಳಗೆ ನುಗ್ಗಿದ್ದು ಮತ್ತು ರೆಫ್ರಿ ಅದಕ್ಕೆ ಎರಡು ನಿಮಿಷ ಶಿಕ್ಷೆ ಕೊಟ್ಟಿದ್ದು. ಎರಡು, ತಂಡದ ಬಸ್ಸು ತಪ್ಪು ಊರಿಗೆ ಹೋಗಿ, ಅಲ್ಲಿದ್ದ ತಂಡದ ಜೊತೆ ಆಡಿ ಗೆದ್ದು ಬಂದಿದ್ದು. ಮೂರು, ನಮ್ಮ ಗೋಲ್‌ಕೀಪರ್ ಇಪ್ಪತ್ತು ನಿಮಿಷ ನಿಂತಲ್ಲೇ ನಿದ್ದೆ ಹೋಗಿದ್ದು, ಆ ಇಪ್ಪತ್ತು ನಿಮಿಷದಲ್ಲಿ ಒಂದೂ ಗೋಲು ಆಗದೆ ಇದ್ದಿದ್ದು. ನಾಲ್ಕನೆಯದು ಗಾಸ್ತೋನ ಗೋಲು. ಅದಕ್ಕೆ ವಿಲ್ಫ್ ಡನ್‌ಫಿಯನ್ನೂ ಆಗಿನ ರೆಫ್ರಿ ಮರ್ವಿನ್ ಓಕ್ಸ್‌ನನ್ನೂ ಕರೆಸಿದರು. ಬಾಗಿಲಿಗೆ, ಇನ್ಯಾರು, ರೇನೊ.

ಹಿಂದಿನ ದಿನ ರೇನೊನ ಹೆಂಡತಿ ಐಲಿ ಕಾಫಿ ಬಗ್ಗಿಸುತ್ತಾ, "ಈಗಲಾದ್ರೂ ಹೇಳ್ಬಿಡು" ಎಂದಳು. ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು.

"ಹೇಳಿದ್ರೆ ಗಾಸ್ತೋಗೆ ಏನುಳಿಯತ್ತೆ ಹೇಳು? ಮಂಡಿನೋವು ಒಂದೇ."

"ಹಂಗಾದ್ರೆ ನೀನು ಹಿಂಗೇ ಕೊರಗ್ತಾ ಸಾಯಿ."

"ಒಂದು ಯೋಚನೆ ಮಾಡಿದೀನಿ ಕಣೆ. ನಾಳೆ ಸರಿಯಾಗಿ ಸೊನ್ನೆಗೆ ತೆಗೀತೀನಿ. ಆಗ್ಲೂ ಗೋಲ್ ಆಯ್ತು ಅನ್ಕೋ, ನನ್ನ ಎರಡು ಸೆಕೆಂಡಿಂದ ಏನೂ ಆಗಿರ್ಲಿಲ್ಲ ಅಂತ ತಾನೆ ಅರ್ಥ?"

"ಆಗ್ದೆ ಹೋದ್ರೆ?"

ರೇನೊ ಕಾಫಿಯಲ್ಲಿ ಅದ್ದಿದ ಬನ್ನು ಮುರಿದು ಲೋಟದೊಳಗೆ ಬಿತ್ತು.

ಶನಿವಾರ ಮಧ್ಯಾಹ್ನ ಅಂಗಳದ ಸುತ್ತ ಎರಡು ಸಾವಿರ ಜನ. ಕಟುಕರಿಬ್ಬರು ಮೂಸ್ ವೇಷ ಹಾಕಿ ಬಂದು ಶಿಕ್ಷೆ ಅನುಭವಿಸಿ ಹೋದರು. ನಿದ್ದೆಯ ಗೋಲ್‌ಕೀಪರ್ ಈ ಸಲವೂ ನಿಜವಾಗಿಯೇ ನಿದ್ದೆ ಹೋದ. ಆಮೇಲೆ ಗಾಸ್ತೋ, ಅರವತ್ತೆಂಟರ ಬೊಜ್ಜನ್ನು ಹಳೆಯ ಜರ್ಸಿಯೊಳಗೆ ತುರುಕಿಕೊಂಡು, ಚಪ್ಪಾಳೆಯ ನಡುವೆ ಗೂಡಿಗೆ ಬಂದು ಕೂತ. ಇತಿಹಾಸಕ್ಕೆ ಅಪಚಾರ ಆಗಬಾರದೆಂದು ಸಮಿತಿ ಹಳೆಯ ರೇಡಿಯೋ ಧ್ವನಿಮುದ್ರಿಕೆ ಕೇಳಿ ಎಲ್ಲವನ್ನೂ ಅಳೆದಿತ್ತು. ಗಡಿಯಾರ ಆರು ಸೆಕೆಂಡು ತೋರಿಸಿದಾಗ ಪಕ್ ಹೊಡೆಯಬೇಕು, ಅದು ಎರಡಕ್ಕೆ ಗೂಡಿನ ಮುಂದೆ ಬರಬೇಕು.

ಪಕ್ ಬಂತು. ರೇನೊ ಹಲ್ಲು ಕಚ್ಚಿ ನಿಂತ. ಪಕ್ ಹೋಯಿತು. ಗಡಿಯಾರ ಸೊನ್ನೆಯಾಯಿತು, ಬಾಗಿಲು ತೆರೆಯಿತು, ಗಾಸ್ತೋ ನೆಗೆದು ಖಾಲಿ ಅಂಗಳದ ಮೇಲೆ ನಿಂತ. ಪಕ್ ಆಗಲೇ ವಿಲ್ಫ್‌ನ ಕಾಲ ಬಳಿ ಮಲಗಿತ್ತು.

ಮತ್ತೆ ಆಡಿದರು. ಮತ್ತೆ ಹಾಗೇ. ಸಮಿತಿಯವರು ಮೊದಲು ಪಕ್ಕನ್ನು ಬೈದರು, ಆಮೇಲೆ ಮಂಜುಗಡ್ಡೆಯನ್ನು, ಆಮೇಲೆ ರೇಡಿಯೋವನ್ನು, ಐದನೆಯ ಸಲಕ್ಕೆ ಗಾಸ್ತೋನ ಹೊಟ್ಟೆಯನ್ನು. ರೇನೊನನ್ನು ಯಾರೂ ಬೈಯಲಿಲ್ಲ. ಬಾಗಿಲು ಸರಿಯಾದ ಹೊತ್ತಿಗೆ ತೆರೆಯುತ್ತಿದೆಯಲ್ಲ, ಅವನದೇನು ತಪ್ಪು? ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದೆ ಇದ್ದರೂ ಅವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಆಟದ ನಂತರ ಜನಕ್ಕೆ ಹಂಚಲು ಇಟ್ಟಿದ್ದ, ಹಬೆಯಾಡುತ್ತಿದ್ದ ಬಟಾಣಿ ಸೂಪು ಆರಿ ಕೆನೆಗಟ್ಟಿತು. ಏಳನೆಯ ಸಲವೂ ಪಕ್ ಗೂಡನ್ನು ದಾಟಿ ಹೋದಾಗ ಅವನಿಗೆ ಅಳು ಬಂತು. ಅವನು ಹೆದರಿದ್ದ ಉತ್ತರ ಏಳು ಸಲ ಸಿಕ್ಕಿತ್ತು.

ಆಗ ವಿಲ್ಫ್ ಡನ್‌ಫಿ ತನ್ನ ಗೋಲು ಬಿಟ್ಟು ಹೊರಟ. ಎಪ್ಪತ್ತರ ಮುದುಕ, ಕಾಲಿಗೆ ಹಾಸಿಗೆಯಷ್ಟು ದಪ್ಪ ಪ್ಯಾಡು ಕಟ್ಟಿಕೊಂಡು, ಅಂಗಳದ ಉದ್ದಕ್ಕೂ ನಿಧಾನವಾಗಿ ಜಾರಿಕೊಂಡು ಗೂಡಿನ ಮುಂದೆ ಬಂದು ನಿಂತ. ಪಕ್ಕದ ಮೇಜಿನಲ್ಲಿ ಘೋಷಣೆಯ ಮೈಕು ಚಾಲೂ ಇತ್ತು ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

"ಲೋ, ಎರಡು ಸೆಕೆಂಡ್ ಮುಂಚೆ ತೆಗಿಯೋ. ಅವತ್ತು ತೆಗೆದ್ಯಲ್ಲ, ಹಂಗೆ. ನನ್ನ ಸೊಂಟ ಬಿದ್ದೋಯ್ತು."

ಎರಡು ಸಾವಿರ ಜನಕ್ಕೆ ಅದು ಸ್ಪಷ್ಟವಾಗಿ ಕೇಳಿಸಿತು.

"ನಿಂಗೆ ಗೊತ್ತಿತ್ತಾ?" ರೇನೊ ಚಿಲಕ ಹಿಡಿದೇ ಕೇಳಿದ.

"ಎಲ್ರೂ ನನಗೆ ಬೆನ್ನು ಹಾಕಿದ್ರು. ಗಡಿಯಾರ ನೋಡ್ತಾ ಇದ್ದೋನು ನಾನೊಬ್ಬನೇ."

"ಮತ್ತೆ ಯಾಕಯ್ಯಾ ಸುಮ್ನಿದ್ದೆ?"

"ನಮ್ಮೂರ ಬಾಗಿಲವನು ಮೂರು ಸೆಕೆಂಡ್ ಮುಂಚೆ ತೆಗೀತಿದ್ದ. ನಾನು ಬಾಯಿ ಬಿಟ್ಟಿದ್ರೆ ನಮ್ಮ ನಾಲ್ಕು ಕಪ್ ವಾಪಸ್ ಹೋಗ್ತಿತ್ತು."

ರೇನೊ, ಗೂಡಿಗೆ ಮರಳಿ ಕೂತಿದ್ದ ಗೆಳೆಯನ ಕಡೆಗೆ ತಿರುಗಿದ. "ಗಾಸ್ತೋ, ನಾನು ನಿಂಗೆ ಯಾವತ್ತೋ ಹೇಳ್ಬೇಕಿತ್ತು..."

"ಏನು ಹೇಳ್ತೀಯ?" ಗಾಸ್ತೋ ಹೆಲ್ಮೆಟ್ ತೆಗೆದ. ಮುಖ ಕೆಂಪಾಗಿತ್ತು. "ಈ ಗೂಡಲ್ಲಿ ಕೂತೋನು ಗಡಿಯಾರ ಬಿಟ್ಟು ಇನ್ನೇನಯ್ಯಾ ನೋಡ್ತಾನೆ? ನಿಂಗೆ ಲೆಕ್ಕ ತಪ್ಪಿತು ಅನ್ಕೊಂಡಿದ್ದೆ. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ. ಅದಕ್ಕೇ ಅಲ್ವಾ ನಿನ್ನ ಆ ಸುಡುಗಾಡು ಸೌನಾದಲ್ಲಿ ಮೂವತ್ತಾರು ವರ್ಷ ಬೆಂದಿದ್ದು?"

ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಇಬ್ಬರೂ ಚರ್ಮ ಸುಲಿಸಿಕೊಂಡಿದ್ದರು.

"ತೆಗಿಯೋ ರೇನೊ," ಎಂದು ಮೇಲಿನ ಸಾಲಿನಿಂದ ಯಾರೋ ಕೂಗಿದರು. "ಸೂಪ್ ಆರಿಹೋಯ್ತು."

ಎಂಟನೆಯ ಸಲ. ಆರಕ್ಕೆ ಪಕ್ ಹೊರಟಿತು. ಎರಡಕ್ಕೆ ರೇನೊ ಇಡೀ ಊರಿನ ಕಣ್ಣೆದುರು ಚಿಲಕ ಎಳೆದ. ಗಾಸ್ತೋ ನೆಗೆದ, ಪಕ್ ಹಿಡಿದ, ಏದುಸಿರು ಬಿಡುತ್ತಾ ಓಡಿದ, ಎಡಕ್ಕೆ ತೋರಿಸಿ ಬಲಕ್ಕೆ ಹೊಡೆದ. ವಿಲ್ಫ್‌ನ ಕೈಗವಸು ಟಪ್ಪನೆ ಮುಚ್ಚಿತು. ಪಕ್ ಅದರೊಳಗಿತ್ತು.

ಸುತ್ತಲಿನ ಜನ ಎದ್ದು ನಿಂತರು.

"ಬಿಟ್ಕೊಡ್ಬೇಕು ಅಂತಾನೇ ಬಂದಿದ್ದೆ ಕಣಯ್ಯಾ," ಎಂದ ವಿಲ್ಫ್ ನಾಚಿಕೊಂಡು. "ಕೈ ಕೇಳ್ಲಿಲ್ಲ. ಆದ್ರೆ ಅವತ್ತು ಜೀವ ಬಿಟ್ಟು ಹಾರಿದ್ರೂ ಸಿಕ್ಕಿರ್ಲಿಲ್ಲ. ಅವತ್ತು ಇವನು ಹೊಡೆದ ಹೊಡೆತಾನೇ ಹೊಡೆತ."

ಕೇಳಿದ ಗಾಸ್ತೋ ಮಂಜುಗಡ್ಡೆಯ ಮೇಲೆ ಕೂತುಬಿಟ್ಟ. ಬಾಗಿಲು ಮುಂಚೆ ತೆರೆದ ಮಾತ್ರಕ್ಕೆ ಗೋಲು ಆಗುವುದಿಲ್ಲ ಎಂದು ರೇನೊ ಕಣ್ಣಾರೆ ಕಂಡಿದ್ದ. ಬೀದಿಯೂ ಡೋನಟ್ಟೂ ಗೆಳೆಯನವೇ ಎಂದು ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಚಿಲಕ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಆಗ ಸೀಟಿ ಕೇಳಿಸಿತು. ಎಂಬತ್ತನಾಲ್ಕರ ರೆಫ್ರಿ ಮರ್ವಿನ್ ಓಕ್ಸ್ ಬಂದು ನೇರ ರೇನೊನ ಕಡೆಗೆ ಬೆರಳು ತೋರಿಸಿದ.

"ಬಾಗಿಲು ಮುಂಚೆ ತೆಗೆದಿದ್ದಕ್ಕೆ ಎರಡು ನಿಮಿಷ. ಮೂಸ್‌ಗೇ ಕೊಟ್ಟೋನು ನಾನು, ನಿನ್ನ ಬಿಡ್ತೀನಾ?"

ಜನ ನಕ್ಕರು. ರೇನೊ ನಗಲಿಲ್ಲ. ಟೋಪಿ ತೆಗೆದು, ಮೂವತ್ತೊಂಬತ್ತು ವರ್ಷ ಹೊರಗಿನಿಂದ ನೋಡಿದ್ದ ಗೂಡಿನೊಳಗೆ ಮೊದಲ ಸಲ ಹೋಗಿ ಬೆಂಚಿನ ಮೇಲೆ ಕೂತ. ಬೆಂಚು ಅವನು ಅಂದುಕೊಂಡಿದ್ದಕ್ಕಿಂತ ತಣ್ಣಗಿತ್ತು. ಗಾಸ್ತೋ ಎದ್ದು ಬಂದು ಚಿಲಕ ಹಿಡಿದು ನಿಂತ. ಗಡಿಯಾರ ಇಳಿಯತೊಡಗಿತು. ಅದನ್ನು ನೋಡುತ್ತಾ ನೋಡುತ್ತಾ ಇಡೀ ಅಂಗಳದ ನಗು ನಿಂತುಹೋಯಿತು.

ನಾಲ್ಕು ಸೆಕೆಂಡು ಉಳಿದಿರುವಾಗಲೇ ಗಾಸ್ತೋನ ಕೈ ಚಿಲಕದ ಮೇಲೆ ಬಿಗಿಯಾಯಿತು.

"ಬೇಡ ಕಣೋ," ಎಂದ ರೇನೊ, ಗಡಿಯಾರದಿಂದ ಕಣ್ಣು ತೆಗೆಯದೆ. "ಪೂರ್ತಿ ಆಗ್ಲಿ."

ಗಾಸ್ತೋ ಕೈ ಸಡಿಲಿಸಿದ. ಪೂರ್ತಿ ಆಯಿತು.