ಅರ್ಧ ಒತ್ತಬೇಕಾದ ಗುಂಡಿ

ಗುಬ್ಬಿಗೆ ಬಲಗೈಯ ತೋರುಬೆರಳು ಇರಲಿಲ್ಲ. ಕಾಗದದ ಕಾರ್ಖಾನೆಯ ಕತ್ತರಿಸುವ ಯಂತ್ರ ಅದನ್ನು ಬುಡಸಮೇತ ತೆಗೆದುಕೊಂಡು ಐದು ವರ್ಷವಾಗಿತ್ತು. ಕಾರ್ಖಾನೆಯೂ ಮುಚ್ಚಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಅದರ ಚಿಮಣಿಯನ್ನು ಮದ್ದಿಟ್ಟು ಕೆಡವುವವರಿದ್ದರು.

ಒಳಗಿನ ಯಂತ್ರಗಳು, ಮೆಟ್ಟಿಲು, ತುಕ್ಕು ಹಿಡಿದ ಹಾಜರಿ ಹಲಗೆ, ಎಲ್ಲವನ್ನೂ ಅವಳು ಫೋನಿನಲ್ಲೇ ತೆಗೆದಿಟ್ಟಿದ್ದಳು. ಉಳಿದದ್ದು ಚಿಮಣಿ ಬೀಳುವ ಗಳಿಗೆಯೊಂದೇ. ಪೊಲೀಸರು ಹತ್ತಿರ ಬಿಡುತ್ತಿರಲಿಲ್ಲ. ದೂರದಿಂದ ಫೋನಿನಲ್ಲಿ ಅದು ಬೆಂಕಿಕಡ್ಡಿಯಷ್ಟೇ ಕಾಣುತ್ತಿತ್ತು. ಅದಕ್ಕೇ ದೂರದ್ದನ್ನು ಹತ್ತಿರ ಎಳೆದು ತೋರಿಸುವ ತನ್ನ ಮೊದಲ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಲು, ಅತ್ತಿಗೆಯನ್ನು ಕರೆದುಕೊಂಡು, ಹಳೆಯ ಕ್ಯಾಮೆರಾ ಮಾರುವ ಈ ಮಹಡಿ ಅಂಗಡಿಗೆ ಮೂರು ಗಂಟೆಗೇ ಬಂದಿದ್ದಳು. ಇದರ ಕಿಟಕಿಯಿಂದ ಚಿಮಣಿ ನೇರವಾಗಿ ಕಾಣುತ್ತಿತ್ತು.

"ಗುಂಡಿ ಅರ್ಧ ಒತ್ತಿ ಮೇಡಂ. ಫೋಕಸ್ ಕೂತ್ಮೇಲೆ ಪೂರ್ತಿ ಒತ್ತಿ" ಎಂದ ಅಂಗಡಿಯವನು.

ಗುಬ್ಬಿ ಅವನಿಗೆ ಬೆನ್ನು ತಿರುಗಿಸಿ ನಿಂತು, ಸ್ವೆಟರಿನ ಉದ್ದ ತೋಳಿನೊಳಗಿಂದ ನಡುಬೆರಳು ಚಾಚಿ ಒತ್ತಿದಳು. ಆ ಬೆರಳಿಗೆ ಅರ್ಧ ಎಂಬುದೇ ಗೊತ್ತಿರಲಿಲ್ಲ. ಒತ್ತಿದರೆ ತಳಮುಟ್ಟ ಒತ್ತುತ್ತಿತ್ತು. ಚಿತ್ರ ಮಸುಕು.

"ಇದು ಭಾರ."

ಎರಡನೆಯದು ಬಂತು. ಮತ್ತೆ ಮಸುಕು. "ಇದು ತೀರಾ ಹಗುರ."

ಮೂರನೆಯದು. "ಬಣ್ಣ ಯಾಕೋ ಸರಿಯಿಲ್ಲ."

"ಕರೀ ಕ್ಯಾಮೆರಾದಲ್ಲಿ ಎಂಥಾ ಬಣ್ಣ ಮೇಡಂ?"

"ಚಪ್ಪಲಿ ಅಂಗಡೀಲೂ ಹಿಂಗೇ ಇವಳು" ಎಂದಳು ಅತ್ತಿಗೆ. "ಹದಿನೆಂಟು ಜೊತೆ ತೆಗೆಸಿ, ಹಳೇದನ್ನೇ ಮೆಟ್ಕೊಂಡು ಬರ್ತಾಳೆ." ಆಮೇಲೆ ಕಿವಿಯ ಹತ್ತಿರ ಬಂದು, "ಕೈ ತೋರಿಸಬಾರದೇನೇ? ಅವರೇನು ಕಚ್ಚಿ ತಿಂತಾರಾ?"

"ಸುಮ್ನಿರಿ ಅತ್ತಿಗೆ. ಬೆರಳಿಲ್ಲದವಳಿಗೆ ಕ್ಯಾಮೆರಾ ಯಾಕೆ ಅಂತಾರೆ."

ಮೂರೂ ಐವತ್ತಾರಕ್ಕೆ ಮೊದಲ ಸೈರನ್ ಕೂಗಿತು. ಗುಬ್ಬಿಯ ಅಂಗೈ ಬೆವೆತಿತ್ತು. ನಡುಬೆರಳು ಗುಂಡಿಗೆ ಹೋದರೆ ಹಿಡಿಗೆ ಉಳಿಯುವುದು ಎರಡೇ ಬೆರಳು. ನಾಲ್ಕನೆಯ ಕ್ಯಾಮೆರಾ ಜಾರಿತು. ಅಂಗಡಿಯವನು ಹಾರಿ, ಕ್ಯಾಮೆರಾವನ್ನೂ ಅವಳ ಕೈಯನ್ನೂ ಒಟ್ಟಿಗೆ ಹಿಡಿದ. ಕೈ ನೋಡಿದ.

"ಇದನ್ನ ಮೊದಲೇ ಹೇಳೋಕೆ ಏನ್ರೀ ಧಾಡಿ? ಒಂದು ಗಂಟೆಯಿಂದ ತಲೆ ತಿಂತಿದೀರಲ್ಲ!"

ಗುಬ್ಬಿ ಕೈಯನ್ನು ಮತ್ತೆ ತೋಳಿನೊಳಗೆ ಎಳೆದುಕೊಂಡಳು.

"ಹೆಬ್ಬೆರಳು ನೆಟ್ಟಗಿದೆ ತಾನೆ?"

"ಇದೆ."

"ಫೋಕಸ್ಸನ್ನ ಕ್ಯಾಮೆರಾ ಹಿಂದಿನ ಗುಂಡಿಗೆ ಹಾಕ್ಕೊಡ್ತೀನಿ. ಹೆಬ್ಬೆರಳಲ್ಲಿ ಫೋಕಸ್, ನಡುಬೆರಳಲ್ಲಿ ಫೋಟೋ. ಅರ್ಧಗಿರ್ಧ ಏನೂ ಬೇಡ. ಭಾರ ಅಂತ ತಳ್ಳಿದ್ರಲ್ಲ, ಅದೇ ನಿಮಗೆ ಸರಿ. ಹಿಡಿ ಆಳವಾಗಿದೆ, ಜಾರಲ್ಲ."

ಕನ್ನಡಕ ಏರಿಸಿ ಮೆನು ತೆರೆದ. ಒಂದು ಪುಟ, ಎರಡು ಪುಟ. ಬೇಕಾದ ಸಾಲು ಸಿಗಲಿಲ್ಲ. ಹಿಂದಕ್ಕೆ ಬಂದ. ಎರಡನೆಯ ಸೈರನ್ ಕೂಗಿತು.

"ಬೇಗ ಸರ್."

"ಬೇಗ ಬೇಕಿದ್ರೆ ಮೂರಕ್ಕೇ ಹೇಳ್ಬೇಕಿತ್ತು."

ಅತ್ತಿಗೆ ಕಿಟಕಿಯಲ್ಲಿ ಫೋನ್ ಹಿಡಿದು ನಿಂತಿದ್ದಳು. "ಬುಡದಲ್ಲಿ ಹೊಗೆ ಬಂತು ಕಣೇ! ವಾಲ್ತಿದೆ!"

ಆಮೇಲೆ ಸದ್ದು ಬಂತು. ಕಪಾಟಿನ ಗಾಜು ನಡುಗಿತು. ಅಂಗಡಿಯವನು ಅಂತೂ ಗುಂಡಿ ಬದಲಿಸಿ, ಕ್ಯಾಮೆರಾವನ್ನು ಅವಳ ಕೈಗೆ ತುರುಕಿದ. ಗುಬ್ಬಿ ಕಿಟಕಿಗೆ ನುಗ್ಗಿ, ಹೆಬ್ಬೆರಳು ಒತ್ತಿದಳು. ಇಟ್ಟಿಗೆಗಳ ಸಾಲು ಕಣ್ಣೆದುರು ಸ್ಪಷ್ಟವಾಗಿ ನಿಂತಿತು. ನಡುಬೆರಳಿನಿಂದ ಒತ್ತಿದಳು, ಬಿಡದೆ ಒತ್ತಿ ಹಿಡಿದಳು. ದೂಳು ಎದ್ದು ಎಲ್ಲವನ್ನೂ ಮುಚ್ಚಿತು.

ಆರು ಚಿತ್ರಗಳು. ಆರರಲ್ಲೂ ಚಿಮಣಿಯ ತುದಿ ಮಾತ್ರ, ದೂಳಿಗೆ ಇಳಿಯುತ್ತಿತ್ತು. ಒಂದೂ ಮಸುಕಿರಲಿಲ್ಲ.

"ಇದನ್ನೇ ಕೊಡಿ" ಎಂದಳು ಗುಬ್ಬಿ. ಈ ಸಲ ಕೈಯನ್ನು ತೋಳಿನೊಳಗೆ ಎಳೆದುಕೊಳ್ಳಲಿಲ್ಲ.

ಅತ್ತಿಗೆಯ ಫೋನಿನ ವಿಡಿಯೊವನ್ನು ಮೂವರೂ ಬಗ್ಗಿ ನೋಡಿದರು. ಬೆಂಕಿಕಡ್ಡಿಯಷ್ಟು ಚಿಮಣಿ ನೆಲ ಮುಟ್ಟಲು ಒಂಬತ್ತು ಸೆಕೆಂಡು ಹಿಡಿದಿತ್ತು. ಗುಬ್ಬಿಗೆ ಸಿಕ್ಕಿದ್ದು ಕೊನೆಯ ಎರಡು. ಹೋದದ್ದು ಏಳು.