ಬದನೆಕಾಯಿ ಬಣ್ಣದ ಮೇಜು

ನನಗೆ ಮೂಗಿನ ತುದಿಯಲ್ಲೇ ಕೋಪ, ಒಪ್ಪಿದೆ. ಆದರೆ ಆ ವಾರ ಎಲ್ಲರ ಮೇಲೆ ಹರಿಹಾಯ್ದದ್ದು ಬರೀ ಭಯಕ್ಕೆ.

ಸೋದರಮಾವನ ಮನೆ ಖಾಲಿ ಮಾಡುವಾಗ ಅಮ್ಮ ಚಿಕ್ಕವಳಿದ್ದಾಗ ಓದುತ್ತಿದ್ದ ಮೇಜು ಸಿಕ್ಕಿತು. ಹಡಗಿನಲ್ಲಿ ದುಡಿಯುತ್ತಿದ್ದ ಅಜ್ಜ ಯಾವುದೋ ದೂರದ ದೇಶದಿಂದ ತಂದದ್ದಂತೆ. ಹಲಗೆ ಎತ್ತಿ, ಕೆಳಗಿನ ಊರುಗೋಲನ್ನು ಬೇಕಾದ ಕಚ್ಚಿಗೆ ಸಿಕ್ಕಿಸಿದರೆ ಪುಸ್ತಕ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಮದುವೆಯಾದ ಮೇಲೆ ಅಮ್ಮ ಅದನ್ನು ನೋಡಿಯೇ ಇರಲಿಲ್ಲ. ಖುಷಿಪಡುತ್ತಾಳೆಂದು ಹೊತ್ತು ತಂದರೆ ಮುಖ ಸಿಂಡರಿಸಿದಳು.

“ಇದು ನಂದಲ್ಲ. ನಂದು ಬದನೆಕಾಯಿ ಬಣ್ಣದ್ದು.”

ನಮ್ಮೆದುರಿಗಿದ್ದದ್ದು ಮಾಸಿದ ಕಂದು ಮೇಜು. “ಮರ ಎಲ್ಲಾದ್ರೂ ನೇರಳೆ ಇರುತ್ತೇನಮ್ಮಾ?” ಎಂದು ತಮ್ಮ ನಕ್ಕ. ಅವಳು ಏನೋ ಹೇಳಹೊರಟಳು. ನಾನು “ಆಯ್ತು ಬಿಡಮ್ಮ” ಎಂದು ಬಾಯಿ ಮುಚ್ಚಿಸಿದೆ.

ಹಿಂದಿನ ದಿನವಷ್ಟೇ ಅವಳು ಹಾಲು ಸೀಯಿಸಿದ್ದಳು. ತಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾ, ಅಮ್ಮಂಗೆ ಅರಳು ಮರಳು ಶುರುವಾಯ್ತೇನೋ. ಡಾಕ್ಟರಿಗೆ ತೋರಿಸೋಣ” ಅಂದ. ಅವನಿಗೆ ಬಾಯಿಗೆ ಬಂದಂತೆ ಬೈದು, ಬಚ್ಚಲುಮನೆಗೆ ಹೋಗಿ ಅತ್ತೆ.

ಊರುಗೋಲು ಸಡಿಲವಾಗಿದ್ದರಿಂದ ಮೇಜನ್ನು ಬಡಗಿಗೆ ಕೊಟ್ಟಿದ್ದೆವು. ಡಾಕ್ಟರ ಬಳಿ ಹೊರಟ ಬೆಳಿಗ್ಗೆಯೇ ಅವನ ಫೋನು.

“ಅಕ್ಕಾ, ಸಿಟ್ಟಾಗ್ಬೇಡಿ. ಹಲಗೆ ಕೆರೆದು ಬಿಸಿಲಲ್ಲಿ ಇಟ್ಟಿದ್ದೆ. ಏನೋ ಆಗೋಗಿದೆ, ಬಂದು ನೋಡಿ.”

ಮೂವರೂ ದಾರಿಯಲ್ಲೇ ಅವನ ಅಂಗಡಿಗೆ ಹೋದೆವು. ಮರದ ಪುಡಿಯ ನಡುವೆ ನಿಂತು ನಾನು ಜಗಳಕ್ಕೆ ಸೆರಗು ಕಟ್ಟಿದ್ದೆ. ಅವನು ಮೇಲಿನ ಗೋಣಿಚೀಲ ಎಳೆದ. ಕಾಲುಗಳು ಹಾಗೇ ಕಂದು. ಹಲಗೆ ಮಾತ್ರ ಅಪ್ಪಟ ನೇರಳೆ!

“ದೇವರಾಣೆ, ನಾನು ಬಣ್ಣ ಮುಟ್ಟಿಲ್ಲ!” ಎಂದು ಬಡಗಿ ಕೈಮುಗಿದ.

ಅಮ್ಮ ಹತ್ತಿರ ಹೋಗಿ ಹಲಗೆಯನ್ನು ಅಂಗೈಯಿಂದ ಸವರಿದಳು.

“ಈ ಜಾತಿ ಮರಾನೇ ಹಾಗೆ. ಕೆರೆದಾಗ ಕಂದು, ಬಿಸಿಲು ಕಂಡ್ರೆ ನೇರಳೆ, ಹಳೇದಾದ್ರೆ ಮತ್ತೆ ಕಂದು. ಅಪ್ಪ ಹೇಳ್ತಿದ್ರು. ಅವತ್ತು ಆಮೇಲೆ ನೆನಪಾಯ್ತು, ಹೇಳೋಕೆ ಬಿಟ್ರಾ ನೀವು?” ಆಮೇಲೆ ದನಿ ತಗ್ಗಿಸಿದಳು. “ನನಗೇ ಹೆದರಿಕೆಯಾಗಿತ್ತು ಕಣೇ. ಇಲ್ಲದ್ದನ್ನೆಲ್ಲ ಇತ್ತು ಅಂತಿದೀನೇನೋ ಅಂತ.”

“ಮತ್ತೆ ಆ ಹಾಲು?” ತಮ್ಮ ಮೆಲ್ಲಗೆ ಕೇಳಿದ.

“ಪುಸ್ತಕ ಓದ್ತಿದ್ದೆ ಕಣೋ! ನೀನು ಮೊಬೈಲ್ ನೋಡ್ಕೊಂಡು ಎಷ್ಟು ಸಲ ಸೀಯಿಸಿಲ್ಲ?”

ಬಡಗಿ ಕಿಸಕ್ಕನೆ ನಕ್ಕ. ಹೋದ ಜೀವ ಬಂದಂತಾಯಿತು ನನಗೆ. ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತುಬಿಟ್ಟೆ. ಅಮ್ಮ ನನ್ನ ಭುಜ ಹಿಡಿದು ಎಬ್ಬಿಸಿದಳು.

“ದೂರ ನಿಂತು ಅಳೇ. ಇನ್ನೂ ಪಾಲಿಶ್ ಆಗಿಲ್ಲ.”